ಹೇಳಿದ ಹೊತ್ತಿಗೆ ಬಂದ ಸಮುದ್ರ

"ಈ ಪ್ರವಾಸದ ವೇಳಾಪಟ್ಟಿ ನನ್ನದು! ನೀನು ಸುಮ್ನೆ ಚಪ್ಪಲಿ ಮೆಟ್ಕೊಂಡು ಹಿಂದೆ ಬಾ!" ಎಂದು ಮೈಕು ಮಾವ ಹೆಂಡತಿಗೆ ಅಪ್ಪಣೆ ಕೊಡಿಸಿದರು.

ರೈಲು ನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟು ತಡ ಎಂದು ಲೋಕಕ್ಕೆ ಸಾರಿದ ಮಹಾನುಭಾವರು ಅವರು. ನೆಂಟರಿಷ್ಟರ ಬಾಯಲ್ಲಿ ಅದಕ್ಕೇ ಮೈಕು ಮಾವ.

ಇಬ್ಬರೂ ಬಂದಿಳಿದ ಕೊಲ್ಲಿ ಮಾತ್ರ ಕಣ್ಣಿಗೆ ಹಬ್ಬ! ದೊಡ್ಡ ಅಲೆಗಳೆಲ್ಲ ದೂರದ ಹವಳದ ದಿಬ್ಬಕ್ಕೆ ತಲೆ ಚಚ್ಚಿಕೊಂಡು ಅಲ್ಲೇ ಸುಸ್ತಾಗುತ್ತಿದ್ದವು. ಒಳಗಿನ ನೀರು ಬಚ್ಚಲ ಹಂಡೆಯಷ್ಟು ಶಾಂತ. ಇಳಿತದ ಹೊತ್ತಿನಲ್ಲಿ ಹತ್ತಿರದ ಪುಟ್ಟ ಮರಳು ದ್ವೀಪಕ್ಕೆ ನಡೆದೇ ಹೋಗಬಹುದು. ದಡದ ಬೋರ್ಡಿನಲ್ಲಿ ಬರೆದಿತ್ತು: "ನಾಲ್ಕಕ್ಕೆ ಉಬ್ಬರ. ಅಷ್ಟರೊಳಗೆ ಹಿಂತಿರುಗಿ."

ಮೂರೂಮುಕ್ಕಾಲಿಗೆ ದ್ವೀಪದಲ್ಲಿ ಹೆಂಡತಿ ಎದ್ದಳು. "ರೀ, ಹೊರಡೋಣ."

"ಹುಚ್ಚಿ! ಬೋರ್ಡಲ್ಲಿ ನಾಲ್ಕು ಅಂದ್ರೆ ಐದು ಅಂತ ಅರ್ಥ. ನನ್ನ ಸರ್ವಿಸ್‌ನಲ್ಲಿ ಬೋರ್ಡಿನ ಮಾತು ಉಳಿಸಿದ ಗಾಡಿ ಒಂದಾದ್ರೂ ಇತ್ತಾ?"

"ಅದು ರೈಲು ಕಣ್ರೀ, ಇದು ಸಮುದ್ರ!"

"ರೈಲಿಗಿಂತ ದೊಡ್ಡದು ತಾನೇ? ಹಾಗಾದ್ರೆ ಇನ್ನೂ ತಡ!"

ಸಮುದ್ರಕ್ಕೆ ಈ ನಿಯಮವನ್ನು ಯಾರೂ ಹೇಳಿರಲಿಲ್ಲ. ಸರಿಯಾಗಿ ನಾಲ್ಕಕ್ಕೆ ಬಂದೇಬಿಟ್ಟಿತು! ನಾಲ್ಕೂಕಾಲಿಗೆ ಮರಳಿನ ದಾರಿ ಮಾಯ. ಐದು ಹೊಡೆಯುವ ಮುಂಚೆ ದ್ವೀಪವೇ ಮಣೆಯಷ್ಟಾಯಿತು. ಇಬ್ಬರಿಗೂ ಈಜು ಬಾರದು. ನೀರು ಮೊಣಕಾಲು ಮುಟ್ಟಿತು.

"ಕೂಗ್ರೀ! ಅಷ್ಟು ದೊಡ್ಡ ಗಂಟಲು ಯಾತಕ್ಕಿದೆ!"

ಮಾವ ಎದೆ ತುಂಬ ಉಸಿರೆಳೆದರು. ಆದರೆ ಹೊರಬಂದದ್ದು ಅಭ್ಯಾಸಬಲ! "ದಯವಿಟ್ಟು ಗಮನಿಸಿ! ದ್ವೀಪದಲ್ಲಿ ಇಬ್ಬರು ಪ್ರಯಾಣಿಕರು ಸಿಲುಕಿಕೊಂಡಿದ್ದಾರೆ. ಅಡಚಣೆಗಾಗಿ ವಿಷಾದಿಸುತ್ತೇವೆ!"

ಇಂಪಾದ ದನಿ, ಸ್ಪಷ್ಟ ಉಚ್ಚಾರ, ಗಾಬರಿಯ ಸುಳಿವೇ ಇಲ್ಲ! ದಡದಲ್ಲಿ ಬಲೆ ಸರಿಮಾಡುತ್ತಿದ್ದ ದೋಣಿಯವಳು ತಲೆಯೆತ್ತಲಿಲ್ಲ. ಮೂರು ಸಲ ಸಾರಿದರು. ನೀರು ತೊಡೆಗೇರಿತು.

ಹೆಂಡತಿ ಗಂಡನನ್ನು ಪಕ್ಕಕ್ಕೆ ಸರಿಸಿ ಒಂದೇ ಸಲ ಚೀರಿದಳು: "ಅಯ್ಯಯ್ಯೋ! ಮುಳುಗ್ತಾ ಇದ್ದೀವಿ, ಯಾರಾದ್ರೂ ಬನ್ರೋ!"

ಎದ್ದೆನೋ ಬಿದ್ದೆನೋ ಎಂದು ದೋಣಿ ಬಂತು. ಅದರೊಳಗೆ ಕುಸಿದಾಗ ಮಾವನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕೈ ಹಿಡಿದವರು ಬಿಡಲೇ ಇಲ್ಲ; ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಬದುಕಿದೆವಲ್ಲ, ಅಷ್ಟೇ ಸಾಕು ಎನಿಸಿತು. ಆದರೂ ಅಭಿಮಾನ ಸುಮ್ಮನಿರಬೇಕಲ್ಲ!

"ಅಲ್ಲಮ್ಮಾ, ನಾನು ಮೂರು ಸಲ ಕೂಗಿದ್ನಲ್ಲ, ಕೇಳಿಸ್ಲಿಲ್ವಾ?"

"ದನಿ ಚೆನ್ನಾಗೇ ಕೇಳಿಸ್ತು ಸಾಹೇಬ್ರೇ," ಎಂದಳು ದೋಣಿಯವಳು, ಹುಟ್ಟು ಹಾಕುತ್ತಾ. "ಯಾರೋ ರೇಡಿಯೋ ಹಾಕಿದ್ದಾರೆ ಅಂದ್ಕೊಂಡೆ. ಏನು ಹೇಳ್ತಿದೆ ಅಂತ ಕಿವಿ ಕೊಡದೆ ನನ್ನ ಕೆಲಸ ನಾನು ಮಾಡ್ತಿದ್ದೆ. ತಪ್ಪಾಯ್ತು."

ಒದ್ದೆ ಬಟ್ಟೆ ಹಿಂಡುತ್ತಾ ಹೆಂಡತಿ ಸಮಾಧಾನ ಹೇಳಿದಳು: "ನಿಂದೇನೂ ತಪ್ಪಿಲ್ಲ ಬಿಡಮ್ಮಾ. ಮನೇಲಿ ನಾನೂ ಹಾಗೇ ಮಾಡೋದು."