ಒಣಗಿದರೆ ಮಾತಾಡುವ ತೋಟಾ

ರಾತ್ರಿ ಹನ್ನೊಂದಕ್ಕೆ ಹಿತ್ತಲ ಶೆಡ್ಡಿನಿಂದ 'ಟಿಣ್' ಎಂದು ಸದ್ದಾಯಿತು. ದೇಚಮ್ಮ ಎದ್ದು ಅತ್ತ ನಡೆದಳು. ಬೆಳಗಾದರೆ ಕೊಡಗಿನ ಕೈಲು ಮುಹೂರ್ತದ ಹಬ್ಬ, ಕೋವಿಗಳಿಗೆ ಪೂಜೆ. ಇಂಥ ರಾತ್ರಿ ಗಂಡ ಸುಮ್ಮನೆ ಮಲಗುವ ಪೈಕಿಯಲ್ಲ!

"ಬಾ ದೇಚು, ನೋಡು!" ನಿವೃತ್ತ ಸುಬೇದಾರ್ ಚಿಟ್ಟಿಯಪ್ಪ ಎದೆಯುಬ್ಬಿಸಿ ನಿಂತಿದ್ದ. ಹಳೆಯ ವಾಷಿಂಗ್ ಮೆಷಿನ್ನಿಗೆ ನಾಲ್ಕು ಸ್ಪೀಕರ್, ಒಂದು ಬಿಸಿಗಾಳಿ ಕೊಳವೆ ಕಟ್ಟಿದ್ದ. "ಹಾರಿಸಿದ ಹಿತ್ತಾಳೆ ತೋಟಾಗಳನ್ನು ಹುಣಸೆಹುಳಿ ಹಾಕಿ ಉಜ್ಜೋದು ಇನ್ನು ಬೇಡ. ಕಿವಿಗೆ ಕೇಳದ ಶಬ್ದವೇ ಮಸಿ ಬಿಡಿಸುತ್ತೆ! ಬಿಸಿಗಾಳೀಲಿ ಒಣಗಿಸಿದರೆ ಮತ್ತೆ ಮದ್ದು ತುಂಬಬಹುದು!"

"ಮಸಿ ಹೊರಗೆ ಬರುತ್ತೆ, ಸರಿ. ಒಳಗೆ ಹೋದ ಶಬ್ದ?"

"ನಿನಗೆ ಎಲ್ಲದಕ್ಕೂ ಅನುಮಾನ!"

ಮೂವತ್ತು ತೋಟಾಗಳ ಜೊತೆ ಗಾಜಿನ ಬೀರುವಿನದೂ ಒಂದಿತ್ತು. ಇಪ್ಪತ್ತು ವರ್ಷದ ಹಿಂದೆ ಹಬ್ಬದ ಪಂದ್ಯದಲ್ಲಿ ಮರದ ತುದಿಯ ತೆಂಗಿನಕಾಯಿ ಉರುಳಿಸಿ ಕಪ್ ತಂದದ್ದು ಅದೇ. "ಬಾವಂದು ಕುರುಡೇಟು" ಎಂದು ಅಂದಿನಿಂದ ಛೇಡಿಸುತ್ತಿದ್ದವನು ಪಕ್ಕದ ತೋಟದ ಉತ್ತಯ್ಯ, ದೇಚಮ್ಮನ ಸ್ವಂತ ಅಣ್ಣ. ನಾಳೆ ಊಟಕ್ಕೆ ಬರುವ ಅವನ ಕಣ್ಣೆದುರು ಆ ತೋಟಾ ಥಳಥಳಿಸಬೇಕು!

ಮೊದಲ ತೋಟಾ ಒಣಗಿತು. ಢಂ!

"ಅಯ್ಯೋ! ಖಾಲಿ ಇತ್ತಲ್ರೀ!"

ಬೆನ್ನಿಗೇ ತೋಟಾದೊಳಗಿಂದ, ತೀರಿಹೋದ ಅತ್ತೆಯ ದನಿ: "ಹಾಳಾದವನೇ, ನನ್ನ ನೀರಿನ ಹಂಡೆ!"

ಚಿಟ್ಟಿಯಪ್ಪ ಕುಣಿದಾಡಿದ. "ಹಾರಿಸಿದಾಗ ಕೇಳಿಸ್ಕೊಂಡಿದ್ದನ್ನೇ ಹೇಳ್ತಿದೆ ಕಣೇ!"

ಢಂ! ಢಂ! ಬೈಗುಳ, ಶಿಳ್ಳೆ, ಹಂದಿಯ ಕಿರುಚಾಟ! ನಾಯಿ ಮಂಚದಡಿ ಸೇರಿತು.

"ಒಣಗಿದ್ದು ಮಾತ್ರ ಕೂಗ್ತಿದೆ. ನೀರು ಹಾಕಿ!"

ಬಕೆಟ್ಟು ಸುರಿದೊಡನೆ ಎಲ್ಲವೂ ಗಪ್‌ಚಿಪ್. ಅಷ್ಟರಲ್ಲಿ ಬೇಲಿಯಾಚೆಯಿಂದ ಉತ್ತಯ್ಯ ಕೂಗಿದ: "ಬಾವಾ, ಆನೆ ಬಂತಾ? ಇರು, ಬಂದೆ!"

ಅವನನ್ನು ತಡೆಯಲು ಚಿಟ್ಟಿಯಪ್ಪ ಗೇಟಿಗೆ ಓಡಿದ. ಬಿಸಿಗಾಳಿಯ ಬಾಯಿಗೆ ಉರುಳಿದ್ದ ಒಂದೇ ಒಂದು ತೋಟಾ ಆಗ ಒಣಗಿತು. ಕಪ್ ಗೆದ್ದದ್ದು!

ಢಂ! ಗಂಡನ ಇಪ್ಪತ್ತು ವರ್ಷ ಹಿಂದಿನ ದನಿ: "ಅಯ್ಯಪ್ಪಾ, ಕಣ್ಣು ಮುಚ್ಕೊಂಡೇ ಹೊಡೆದೆನಲ್ಲಾ! ಬಿತ್ತಾ?"

ಹೆಜ್ಜೆಗಳು ಹತ್ತಿರವಾದವು. ನಾಳೆ ಕೋವಿಗೆ ಸಿಕ್ಕಿಸಲು ತೋಕು ಹೂ ಇಟ್ಟಿದ್ದ ನೀರಿನ ಚೊಂಬು ಪಕ್ಕದಲ್ಲೇ ಇತ್ತು. ದೇಚಮ್ಮ ಸೆರಗಿನಲ್ಲಿ ತೋಟಾ ಹಿಡಿದು ಅದರೊಳಗೆ ಹಾಕಿದಳು. ಬುಳುಕ್!

"ಕೊನೇಲಿ ಯಾರೋ ಮಾತಾಡಿದ್ರಲ್ಲ, ದೇಚು?" ಟಾರ್ಚು ಬಿಡುತ್ತಾ ಉತ್ತಯ್ಯ ಕೇಳಿದ.

"ರೇಡಿಯೋ, ಅಣ್ಣಾ. ನಡಿ, ಮಲಗು."

ಅವನು ಹೋದಮೇಲೆ ಚಿಟ್ಟಿಯಪ್ಪ ಬಿಳಿಚಿಕೊಂಡು ಪಿಸುಗುಟ್ಟಿದ: "ನನ್ನ ಕಪ್ ಗೆದ್ದ ತೋಟಾ... ಏನಾದರೂ ಹೇಳಿತಾ?"

"ಇಲ್ಲ. ಅದಿನ್ನೂ ಒಣಗಿಲ್ಲ."

ಅಣ್ಣನಿಗೂ ಹೇಳಬಾರದು, ಗಂಡನಿಗಂತೂ ಹೇಳಲೇಬಾರದು ಎಂದು ನಿಶ್ಚಯಿಸಿ, ಅವಳು ಚೊಂಬಿಗೆ ಇನ್ನೂ ಒಂದು ಲೋಟ ನೀರು ಹಾಕಿದಳು. ಹೂವಿಗೂ ಒಳ್ಳೆಯದೇ!