ಮಾದಪ್ಪನ ಹೂವೂ ನನ್ನ ಕಂಪ್ಯೂಟರೂ

ಚಾಮರಾಜನಗರದಲ್ಲಿ ಒಬ್ಬ ಸಂಗೀತ ನಿರ್ದೇಶಕನಿದ್ದಾನೆ. ನಾನೇ! ಸ್ಟುಡಿಯೋ ನಮ್ಮ ಮನೆಯ ಅಕ್ಕಿ ಮೂಟೆಯ ಪಕ್ಕದಲ್ಲಿದೆ. ಒಂದು ಹಳೇ ಕಂಪ್ಯೂಟರು, ಒಂದು ಮೈಕು, ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಕೆಂಪು ಡಬ್ಬಿ, ಕಂಪ್ಯೂಟರು ಕಾಯದಂತೆ ಹಗಲಿಡೀ ಗಾಳಿ ಹಾಕುವ ಟೇಬಲ್ ಫ್ಯಾನು. ಮಿಕ್ಕಿದ್ದೆಲ್ಲ ಪ್ರತಿಭೆ.

ಆದರೆ ಊರಿಗೆ ನಾನು ಬರೀ ಮಿಮಿಕ್ರಿಯವನು. ಅಪ್ಪನ ಕೆಮ್ಮು, ಬಸ್ ಕಂಡಕ್ಟರ್, ಪಕ್ಕದ ಮನೆಯ ಮಿಕ್ಸಿ, ಯಾರನ್ನೂ ಬಿಟ್ಟವನಲ್ಲ. "ಅಣಕ್ಸೋದ್ ಬುಟ್ಟು ನಿಂದು ಅಂತ ಏನಾರ ಇದ್ದದಾಲಾ?" ಎಂದು ಗುಂಡ್ಲುಪೇಟೆಯ ಭಾವ ಎಲ್ಲರೆದುರು ಕೇಳಿಬಿಟ್ಟರು. ರೋಷ ಬಂತು. ಅಕ್ಕನ ಮಗುವಿನ ನಾಮಕರಣಕ್ಕೆ ಹಾಡು ಮಾಡಿಕೊಡುತ್ತೇನೆ ಎಂದು ಶಪಥ ಮಾಡಿದೆ. ಕುದೇರಿನ ಅಜ್ಜಿಯ ಜೋಗುಳ, ಅದರ ಹಿಂದೆ ನನ್ನ ಸಂಗೀತ. ಭಾವ ಆ ಗಳಿಗೆಯಲ್ಲೇ ಸೌಂಡ್ ಸಿಸ್ಟಮ್ಮಿನವರಿಗೆ ಹೇಳಿಬಿಟ್ಟರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ನಾಮಕರಣ ಭಾನುವಾರ. ಶುಕ್ರವಾರ, ಅಜ್ಜಿಯ ದನಿ ರೆಕಾರ್ಡಾಗಿ ಹಾಡು ಮುಕ್ಕಾಲು ಮುಗಿದಿದ್ದಾಗ, ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆ, ಹಾಕಿಕೊಳ್ಳುವಿರಾ? ಹಾಕಿಕೊಂಡರೆ ಹಾಡು ಮಾಡುವ ತಂತ್ರಾಂಶಕ್ಕೆ ಒಂದು ಹೊಸ ಕೊಳಲು ಸಿಗುತ್ತದಂತೆ. ನಮೂನೆಗೆ ಇಟ್ಟಿದ್ದ ಅದರ ದನಿ ಕೇಳಿದೆ. ಅದರ ಮುಂದೆ ನನ್ನ ಹಳೇ ಕೊಳಲು ಕುಕ್ಕರ್ ವಿಷಲ್ಲು!

ಆಸೆ ಒಂದು ಕಡೆ, ಅಳುಕು ಇನ್ನೊಂದು ಕಡೆ. ಹೊಸದು ನನ್ನ ಕೆಂಪು ಡಬ್ಬಿಯನ್ನು ಒಪ್ಪದಿದ್ದರೆ? ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಮಂಜನಿಗೆ ಫೋನು ಮಾಡಿದೆ.

"ಮುಹೂರ್ತದೊತ್ನಲ್ಲಿ ಯಾರಾದ್ರೂ ಪುರೋಹಿತ್ರನ್ನ ಬದ್ಲಾಯಿಸ್ತಾರೇನ್ಲಾ? ಭಾನುವಾರ ಕಳೀಲಿ ಬುಡು. ತಡ್ಕಳಕ್ ಆಗ್ದಿದ್ರೆ ಎಲ್ಲಾನೂ ಪೆನ್ ಡ್ರೈವ್‌ಗೆ ಇಳಿಸ್ಕೊಂಡು ಆಮೇಲೆ ಮಾಡು" ಎಂದ.

ಹಾಕಲೋ ಬೇಡವೋ? ಊಟ ಇಳಿಯಲಿಲ್ಲ. ತಟ್ಟೆ ನೋಡಿದ ಅಮ್ಮ ವಿಷಯವನ್ನೆಲ್ಲ ಬಾಯಿ ಬಿಡಿಸಿ, "ಇಷ್ಟೇಯಾ? ಮಾದಪ್ಪನ್ನ ಕೇಳ್ಬುಡನ ತಕ್ಕೋ" ಎಂದರು.

ನಮ್ಮ ಮನೆಯಲ್ಲಿ ಬೋರ್‌ವೆಲ್ಲಿನಿಂದ ಹಿಡಿದು ಭಾವನವರೆಗೆ ಎಲ್ಲವನ್ನೂ ಆರಿಸಿದ್ದು ಮನೆದೇವರು ಮಾದಪ್ಪನೇ. ಪಟಕ್ಕೆ ಒದ್ದೆ ಹೂ ಅಂಟಿಸಿ ಕೈಮುಗಿದು ಕಾಯಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಕೇಳುವ ವಸ್ತು ದೇವರ ಎದುರಿಗೇ ಇರಬೇಕೆಂಬುದು ಅಮ್ಮನ ಶಾಸನ. ವೈರುಗಳಿಂದ ಬಿಡಿಸಿ ಕಂಪ್ಯೂಟರನ್ನು ದೇವರ ಗೂಡಿಗೆ ಒಯ್ಯುವುದು ಆಗದ ಮಾತು. ಹಾಗಾಗಿ ಮಾದಪ್ಪನೇ ಸ್ಟುಡಿಯೋಗೆ ಚಿತ್ತೈಸಿದ.

"ಅಪ್ಪಾ ಮಾದಪ್ಪ, ಇವನ ಪೆಟ್ಗೆಗೆ ಅದೇನೋ ಹೊಸ್ದು ಹಾಕ್ಬೇಕಂತೆ. ಒಳ್ಳೇದಾಗದಾದ್ರೆ ಬಲಗಡೆ ಕೊಡಪ್ಪ."

ಅಮ್ಮ ಕಣ್ಣು ಮುಚ್ಚುವಷ್ಟರಲ್ಲಿ ಹೂವು ಬಲಕ್ಕೆ ಹಾರಿತು. ಬಿದ್ದದ್ದಲ್ಲ, ಹಾರಿದ್ದು! ಹೋಗಿ ಅಕ್ಕಿ ಮೂಟೆಯ ಮೇಲೆ ಕೂತಿತು. "ಇಷ್ಟು ಬಿರ್ನೆ ಯಾವತ್ತೂ ಕೊಟ್ಟಿರ್ನಿಲ್ಲ ಕಣ್ಲಾ" ಎಂದು ಅಮ್ಮ ಕಣ್ಣೊರೆಸಿಕೊಂಡರು.

ದೇವರೇ ಅಪ್ಪಣೆ ಕೊಟ್ಟ ಮೇಲೆ ಪೆನ್ ಡ್ರೈವ್ ಹುಡುಕುವುದು ಭಕ್ತನ ಲಕ್ಷಣವೇ? ಒತ್ತಿದೆ.

ಕಂಪ್ಯೂಟರು ಕತ್ತಲಾಯಿತು, ಬೆಳಕಾಯಿತು, ಮತ್ತೆ ಕತ್ತಲಾಯಿತು. ಶನಿವಾರ ಬೆಳಿಗ್ಗೆ ಹೊಸ ಮದುಮಗನ ಹಾಗೆ ಮಿರಮಿರ ಎದ್ದು ಕೂತಿತು. ಕೆಂಪು ಡಬ್ಬಿಯನ್ನು ಕಂಡು 'ನೀನು ಯಾರು?' ಎಂದಿತು. ಹಾಡಿನ ತಂತ್ರಾಂಶ ತೆರೆಯಲೇ ಇಲ್ಲ. ಅಜ್ಜಿ ಒಳಗೇ ಸಿಕ್ಕಿಕೊಂಡರು!

ಮಂಜನಿಗೆ ಫೋನು ಮಾಡಿ ನಡೆದದ್ದು ಹೇಳಿದೆ. "ಹಂಗಾದ್ರೆ ಮಾದಪ್ಪನ್ನೇ ಕರ್ಸು ರಿಪೇರಿಗೆ" ಎಂದು ಇಟ್ಟುಬಿಟ್ಟ.

ಅಪ್ಪ ಎಲ್ಲವನ್ನೂ ಕೇಳಿ ಒಂದು ಕೆಮ್ಮು ಕೆಮ್ಮಿದರು. "ಲೇ, ಹೂ ಕೇಳುವಾಗ ಆ ಫ್ಯಾನ್ ಆರ್ಸಿದ್ರೇನ್ಲಾ?"

ಅಮ್ಮ ನನ್ನ ಮುಖ ನೋಡಿದರು. ನಾನು ಫ್ಯಾನಿನ ಮುಖ ನೋಡಿದೆ. ಅದು ತನಗೇನೂ ಗೊತ್ತಿಲ್ಲವೆಂಬಂತೆ ಗಿರಗಿರ ತಿರುಗುತ್ತಿತ್ತು.

ಭಾನುವಾರ ಗುಂಡ್ಲುಪೇಟೆ. ಅಜ್ಜಿಯಿಂದಲೇ ಹಾಡಿಸೋಣವೆಂದರೆ, ಶೀತವಾಗಿ ಅವರ ಗಂಟಲು ಕಟ್ಟಿತ್ತು. ತೊಟ್ಟಿಲು ಸಿದ್ಧ, ಸ್ಪೀಕರು ಸಿದ್ಧ. "ಈಗ ನಮ್ ಬಾಮೈದನ ಸ್ವಂತ ಸಂಗೀತ!" ಎಂದು ಭಾವ ಘೋಷಿಸಿದರು. ನಾನು ಮೈಕು ಹಿಡಿದು ತೊಟ್ಟಿಲ ಹಿಂದೆ ಕಟ್ಟಿದ್ದ ಬಟ್ಟೆಯ ಪರದೆಯ ಮರೆಗೆ ಸರಿದು ಕೂತು, ನನಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನು ಹೊರಗೆ ತೆಗೆದೆ. ಅಜ್ಜಿಯ ದನಿಯಲ್ಲಿ ಜೋಗುಳ ಶುರು ಮಾಡಿದೆ. ಹೊಸ ಕೊಳಲನ್ನೂ ನಡುನಡುವೆ ನಾನೇ ಮೂಗಿನಲ್ಲಿ ನುಡಿಸಿದೆ.

ಮಗು ಕಿಟಾರನೆ ಕಿರುಚಿಕೊಂಡಿತು. ಮುಂದಿನ ಕುರ್ಚಿಯಲ್ಲಿದ್ದ ಅಜ್ಜಿ, ಕಟ್ಟಿದ ಗಂಟಲಲ್ಲೇ ಕೂಗಿದರು: "ಅದ್ಯಾವ್ ಮುದ್ಕಿನ್ಲಾ ಅದು? ಸುಮ್ಕಿರಿಸ್ರುಲಾ ಅವಳ, ಮಗ ಎದ್ರುಕತ್ತದೆ!"

ಭಾವ ಪರದೆ ಸರಿಸಿದರು. ಮುದುಕಿ ಸಿಕ್ಕಿಬಿದ್ದಳು! ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜಿ ಮಗುವನ್ನು ಎತ್ತಿಕೊಂಡು ಗೊರಗೊರ ದನಿಯಲ್ಲೇ ಎರಡು ಸಾಲು ಗುನುಗಿದರು. ಅದು ತಕ್ಷಣ ಮಲಗಿತು. ಭಾವ ನನ್ನ ಕೈಯಿಂದ ಮೈಕು ತೆಗೆದುಕೊಂಡು ಆರಿಸಿದರು.

ಈಗ ಹಳೇ ಸಿಸ್ಟಮ್ಮಿಗೇ ವಾಪಸ್ಸು ಹೋಗಬಹುದೇ ಎಂದು ಅಮ್ಮ ಮತ್ತೆ ಹೂ ಅಂಟಿಸಿದ್ದಾರೆ. ಫ್ಯಾನು ಬಂದ್, ಕಿಟಕಿ ಬಂದ್, ನನ್ನ ಉಸಿರೂ ಬಂದ್. ಹೂವು ಎಡಕ್ಕೂ ಬೀಳದೆ ಬಲಕ್ಕೂ ಬೀಳದೆ ಪಟದ ಮೇಲೇ ಒಣಗುತ್ತಿದೆ. ಅಪ್ಪ ಆ ಕಡೆ ಹೋಗುವಾಗೊಮ್ಮೆ ಈ ಕಡೆ ಬರುವಾಗೊಮ್ಮೆ ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಅದನ್ನು ಅಣಕಿಸುವ ಧೈರ್ಯ ಈಗ ನನಗಿಲ್ಲ.

"ಫ್ಯಾನ್ ಹಾಕ್ಲೇನ್ಲಾ?" ಎನ್ನುತ್ತಾರೆ.