ಬಾಟಲಿಯಲ್ಲಿದ್ದ ಅಜ್ಜಿ

ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳೋಕೆ ಬರಬೇಡಿ. ಹದಿನೆಂಟು ವರ್ಷದಿಂದ ಪಂಕ್ಚರ್ ಅಂಗಡಿ ನಡೆಸುತ್ತಿದ್ದೇನೆ. ಸೈಕಲ್ಲಿಗಾಗಲಿ, ಲಾರಿಗಾಗಲಿ, ಎಷ್ಟು ಗಾಳಿ ಬೇಕು ಅಂತ ಟೈರು ಒದ್ದೇ ಹೇಳಬಲ್ಲೆ. ಹಾಗಾಗಿ ಮೂರನೇ ಕ್ಲಾಸಿನ ಮಗಳು, ಘನ, ದ್ರವ, ಅನಿಲಕ್ಕೆ ಒಂದೊಂದು ವಸ್ತು ಶಾಲೆಗೆ ಒಯ್ಯಬೇಕು ಎಂದಾಗ, ಅನಿಲದ ಚಿಂತೆ ನನಗೆ ಬಿಡು ಎಂದು ಎದೆ ತಟ್ಟಿಕೊಂಡೆ.

ಅವಳು ಬಿಡಲಿಲ್ಲ. ಭಾನುವಾರ ಅಜ್ಜಿ ಮನೆಗೆ ಹೋಗಿಬಂದವಳೇ ಅಡುಗೆಮನೆ ಕಟ್ಟೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟಳು: ಒಂದು ಹಳೇ ಬೀಗ, ಡಬ್ಬಿಯಲ್ಲಿ ಎಣ್ಣೆ, ಮುಚ್ಚಳ ಬಿಗಿದ ಖಾಲಿ ಬಾಟಲಿ. ಖಾಲಿ ಅಂದುಕೊಂಡವನು ನಾನು! ಅವತ್ತು ಪಾತ್ರೆ ತೊಳೆಯುವ ಸರದಿ ನನ್ನದು. ಬಾಟಲಿಗೂ ಸೋಪು ಹಾಕಿ, ಚೆನ್ನಾಗಿ ಕುಲುಕಿ, ಬೋರಲು ಹಾಕಿದೆ.

ಮಗಳು ಬಂದು ನೋಡಿದಳು. ಸಣ್ಣ ದನಿಯಲ್ಲಿ, "ಅಜ್ಜಿ ಹೋಗ್ಬಿಟ್ರು" ಅಂದಳು.

ಹೆಂಡತಿ ಎದೆ ಹಿಡಿದುಕೊಂಡು ಓಡಿಬಂದಳು. ತವರಿಗೆ ಫೋನು ಮಾಡಿ, ಅಮ್ಮನ ದನಿ ಕೇಳಿದ ಮೇಲೇ ಅವಳಿಗೆ ಜೀವ ಬಂದದ್ದು. ವಿಷಯ ಇಷ್ಟೇ. ಆ ಬಾಟಲಿಗೆ ಅಜ್ಜಿ ಮುಖ ಕೆಂಪಾಗುವ ತನಕ ಊದಿಕೊಟ್ಟಿದ್ದರಂತೆ. "ಅನಿಲ, ಕೊಟ್ಟವರು ಅಜ್ಜಿ" ಎಂದು ಮಗಳು ಪುಸ್ತಕದಲ್ಲಿ ಬರೆದೂ ಆಗಿತ್ತು.

ಗಾಳಿ ಅಂದರೆ ಗಾಳಿ, ಅದಕ್ಕೆ ಅಜ್ಜಿ ಮೊಮ್ಮಗಳು ಅಂತ ಇರುತ್ತಾ ಎಂದು ನಾನು ವಾದಿಸಿದೆ. ಅಂಗಡಿಗೆ ಓಡಿ, ಕಂಪ್ರೆಸರಿನಿಂದ ಒಂದು ಬಾಟಲಿ ಹೊಚ್ಚಹೊಸ ಗಾಳಿ ತಂದೆ. ಮಗಳು ಮೂಸಿ ನೋಡಿ, ರಬ್ಬರ್ ವಾಸನೆ ಅಂದಳು. ನಾನೇ ಊದುತ್ತೇನೆ ಅಂದೆ. ಸುಳ್ಳು ಬರೆಯೋಕಾಗಲ್ಲ ಅಂದಳು.

"ಚೆಲ್ಲಿದವರೇ ಹೋಗಿ ತುಂಬಿಸ್ಕೊಂಡು ಬನ್ನಿ" ಎಂದಳು ಹೆಂಡತಿ.

ಅಲ್ಲೇ ಇದ್ದದ್ದು ತೊಡಕು. ನನಗೂ ಅತ್ತೆಗೂ ಮೂರು ತಿಂಗಳಿಂದ ಮಾತಿಲ್ಲ. ನೆಂಟರೆಲ್ಲ ಸೇರಿದ್ದಾಗ ಅವರು, "ಗಾಳಿ ನಂಬಿ ಮಗಳನ್ನ ಕೊಟ್ಟೆ" ಎಂದಿದ್ದರು. ಅವರ ಹೊಸ್ತಿಲು ತುಳಿಯಲ್ಲ, ಒಂದು ಮಾತೂ ಆಡಲ್ಲ ಎಂದು ನಾನು ಶಪಥ ಮಾಡಿದ್ದೆ. ಊರಿಗೆಲ್ಲ ಗಾಳಿ ಹಾಕುವವನು ಹೋಗಿ ಹೋಗಿ ಅವರ ಹತ್ತಿರ ಒಂದು ಬಾಯಿ ಗಾಳಿ ಬೇಡುವುದೇ? ತಲೆ ಹೋದರೂ ಇಲ್ಲ ಎಂದೆ.

ಮಗಳು ಬೀಗ, ಎಣ್ಣೆ ಎರಡನ್ನೇ ಶಾಲೆಯ ಚೀಲಕ್ಕೆ ಹಾಕಿ, ಪುಸ್ತಕದಲ್ಲಿದ್ದ ಮೂರನೇ ಸಾಲನ್ನು ರಬ್ಬರಿನಿಂದ ಉಜ್ಜತೊಡಗಿದಳು. ಅದನ್ನು ನೋಡಿಕೊಂಡು ಕೂರಲು ನನ್ನಿಂದಾಗಲಿಲ್ಲ. ಬಾಟಲಿ ಹಿಡಿದು ಹೊರಟೆ.

ಆದರೂ ಶಪಥ ಶಪಥವೇ. ಅತ್ತೆ ಬಾಗಿಲು ತೆಗೆದಾಗ ನಾನು ಹೊಸ್ತಿಲ ಆಚೆಯೇ ನಿಂತು, ತುಟಿ ಬಿಚ್ಚದೆ ಬಾಟಲಿಯನ್ನಷ್ಟೇ ಮುಂದೆ ಚಾಚಿದೆ. ಅವರೂ ಏನೂ ಕೇಳಲಿಲ್ಲ. ಬಾಟಲಿ ತಗೊಂಡು ಊದಿದರು, ಮುಚ್ಚಳ ಬಿಗಿದರು, ನನ್ನ ಕೈಗಿಟ್ಟರು. ಗೆದ್ದೆ ಅಂದುಕೊಂಡು ತಿರುಗಿದೆ.

"ನಿಲ್ಲಿ ಅಳಿಯಂದಿರೇ" ಅಂದರು. "ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೂಡಿಟ್ಟಿದ್ದೀನಿ. ಅದೆಲ್ಲ ಒಂದು ಬಾಟಲಿಗೆ ಹಿಡಿಯೋದಲ್ಲ. ಒಳಗೆ ಬಂದು ಕೂತ್ಕೊಳ್ಳಿ."

ಚಪ್ಪಲಿ ಕಳಚಿ ಒಳಗೆ ಹೋದೆ. ಕುರ್ಚಿ ಮೊದಲೇ ಹಾಕಿಟ್ಟಿದ್ದರು.